ಒಂದು ಕಿಲೋ ಜೆಲ್ ನಾಲ್ಕುನೂರು ಲೀಟರ್ ನೀರು ಹಿಡಿಯುತ್ತದೆಯಂತೆ: ಹೊಲಕ್ಕೆ ಹಾಕಬೇಕೋ ಬೇಡವೋ?

ಲಕ್ಷ್ಮೇಶ್ವರದ ಮಸಾರಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಲಕ್ಷ್ಮೇಶ್ವರದ ಹತ್ತಿರ ಮೂರು ಎಕರೆ ಮಸಾರಿ (ಕೆಂಪು ಮಣ್ಣು), ನಾಲ್ಕು ಎಕರೆ ಎರೆ (ಕಪ್ಪು ಮಣ್ಣು) ಹೊಲ. ಮಸಾರಿಯಲ್ಲಿ ಶೇಂಗಾ ಮತ್ತು ಮೆಣಸಿನಕಾಯಿ, ಎರೆಯಲ್ಲಿ ಹಿಂಗಾರಿಗೆ ಕಡಲೆ ಮತ್ತು ಬಿಳಿಜೋಳ ಬೆಳೆಯುತ್ತೇವೆ. ಕಳೆದ ವಾರ ಗೊಬ್ಬರದ ಅಂಗಡಿಗೆ ಹೋದಾಗ ಒಬ್ಬ ಮಾರಾಟ ಪ್ರತಿನಿಧಿ ಗಾಜಿನ ಲೋಟದಲ್ಲಿ ಸಕ್ಕರೆಯಂಥ ಬಿಳಿ ಹರಳನ್ನು ಒಂದು ಚಿಟಿಕೆ ಹಾಕಿ, ಬಾಟಲಿಯ ನೀರು ಸುರಿದು, ಸ್ವಲ್ಪ ಹೊತ್ತು ಬಿಟ್ಟು ಲೋಟವನ್ನೇ ಬೋರಲು ಹಾಕಿ ತೋರಿಸಿದ. ಒಂದು ಹನಿಯೂ ಬೀಳಲಿಲ್ಲ. ಇದಕ್ಕೆ ಹೈಡ್ರೋಜೆಲ್ ಎನ್ನುತ್ತಾರೆ, ಒಂದು ಕಿಲೋ ನಾಲ್ಕುನೂರು ಲೀಟರ್ ನೀರು ಹಿಡಿಯುತ್ತದೆ, ಎಕರೆಗೆ ಎರಡು ಕಿಲೋ ಹಾಕಿದರೆ ಮಳೆ ಹೋದರೂ ಬೆಳೆ ಒಣಗುವುದಿಲ್ಲ ಎಂದ. ಬೆಲೆ ಕಿಲೋಗೆ ಸಾವಿರ ರೂಪಾಯಿಗೂ ಮೇಲಿದೆ. ಲೋಟದ ಆಟ ನೋಡಿ ನಮ್ಮ ತಂದೆಯವರು ಮರುಳಾಗಿದ್ದಾರೆ, ನನಗೆ ಮಾತ್ರ ಅನುಮಾನ. ಬಳಸಿದವರು, ತಿಳಿದವರು ಹೇಳಬೇಕೆಂದು ವಿನಂತಿ.

ನವಲಗುಂದದ ಎರೆ:
ಎರೆ ಹೊಲ ಇದ್ದವರು ಇದನ್ನು ಕೊಳ್ಳುವುದು ಹೊಳೆಯ ದಂಡೆಯಲ್ಲಿ ಕುಳಿತು ಬಾಟಲಿ ನೀರು ಕೊಂಡಂತೆ. ಬೇಸಿಗೆಯಲ್ಲಿ ನಮ್ಮ ಹೊಲದ ಬಿರುಕಿನಲ್ಲಿ ಎತ್ತಿನ ಕಾಲು ಸಿಕ್ಕಿಬೀಳುತ್ತದೆ, ಎರಡು ದೊಡ್ಡ ಮಳೆಯಾದರೆ ಅದೇ ನೆಲ ಉಬ್ಬಿ ಬಿರುಕು ಮುಚ್ಚಿ ಗಾಲಿ ಹೂತುಕೊಳ್ಳುತ್ತದೆ. ಹೀರಿ ಉಬ್ಬುವುದು, ಒಣಗಿ ಕುಗ್ಗುವುದು ನಮ್ಮ ಮಣ್ಣಿಗೆ ಹುಟ್ಟುಗುಣ. ಹಸಿ ಇರುವಾಗ ಕಡಲೆ ಬಿತ್ತಿ ಬಂದರೆ ಮತ್ತೆ ಮಳೆ ಇಲ್ಲದಿದ್ದರೂ ಚಳಿ, ಇಬ್ಬನಿಯ ಮೇಲೆ ಕೈಗೆ ಬರುತ್ತದೆ. ಅದಕ್ಕೆ ಮತ್ತೊಂದು ಜೆಲ್ ಏತಕ್ಕೆ?

ಸಪ್ತಾಪುರದ ರಸಾಯನ:
ನವಲಗುಂದದವರು ಹೇಳಿದ್ದರಲ್ಲಿ ಮುಕ್ಕಾಲು ಭಾಗ ಸರಿಯಿದೆ. ಎರೆ ಮಣ್ಣಿನಲ್ಲಿ ಸ್ಮೆಕ್ಟೈಟ್ ಎಂಬ ಗುಂಪಿನ ಜೇಡಿ ಇರುತ್ತದೆ. ಅದರ ಹಾಳೆಯಂಥ ಪದರಗಳ ನಡುವೆ ನೀರು ನುಗ್ಗಿ ಪದರಗಳು ದೂರ ಸರಿಯುವುದರಿಂದ ನೆಲ ಉಬ್ಬುತ್ತದೆ. ಎರೆ ನೆಲದಲ್ಲಿ ಮನೆ ಕಟ್ಟಿದವರ ಗೋಡೆ ಸೀಳುವುದೂ ಇದರಿಂದಲೇ. ಆದರೆ ಉಳಿದ ಕಾಲು ಭಾಗವನ್ನು ಬಿಡಬಾರದು. ಹಿಡಿದ ನೀರನ್ನು ಬಿಟ್ಟುಕೊಡುವ ವಿಷಯದಲ್ಲಿ ಜೇಡಿ ಬಹಳ ಜಿಪುಣ. ಮಳೆ ನಿಂತು ಹೆಚ್ಚಿನ ನೀರು ಬಸಿದುಹೋದ ಮೇಲೆ ಮಣ್ಣು ಸುಮಾರು ಮೂರನೇ ಒಂದು ಬಾರ್ (ಬಾರ್ ಎಂದರೆ ಒತ್ತಡದ ಒಂದು ಅಳತೆ) ಬಲದಿಂದ ನೀರನ್ನು ಹಿಡಿದಿರುತ್ತದೆ, ಆಗ ಬೇರು ಸಲೀಸಾಗಿ ಎಳೆದುಕೊಳ್ಳುತ್ತದೆ. ಆ ಬಲ ಏರುತ್ತ ಏರುತ್ತ 15 ಬಾರ್ ಮುಟ್ಟಿದರೆ ಹೆಚ್ಚಿನ ಬೆಳೆಗಳು ಬಾಡಿ ಮೇಲೇಳುವುದಿಲ್ಲ. ಎರೆ ಮಣ್ಣಿನಲ್ಲಿ ಆ ಹಂತದಲ್ಲಿಯೂ ಸಾಕಷ್ಟು ನೀರು ಉಳಿದಿರುತ್ತದೆ, ಆದರೆ ಗಿಡಕ್ಕೆ ದಕ್ಕುವುದಿಲ್ಲ. ಒಳ್ಳೆಯ ಜೆಲ್‌ನಲ್ಲಿರುವ ನೀರಿನ ಬಹುಪಾಲು ಸಡಿಲವಾಗಿರುವುದರಿಂದ ಅಷ್ಟು ಹೊತ್ತಿಗಾಗಲೇ ಬೇರಿನ ಪಾಲಾಗಿರುತ್ತದೆ. ಆದ್ದರಿಂದ ಎಷ್ಟು ಹಿಡಿಯುತ್ತದೆ ಎಂದು ಕೇಳುವುದಕ್ಕಿಂತ ಎಷ್ಟು ಬಿಡುತ್ತದೆ, ಯಾವಾಗ ಬಿಡುತ್ತದೆ ಎಂದು ಕೇಳಬೇಕು.

ಲೆಕ್ಕ ಪಕ್ಕಾ, ಹುಬ್ಬಳ್ಳಿ:
ನಾನು ರೈತನಲ್ಲ, ಬ್ಯಾಂಕಿನವನು, ಆದ್ದರಿಂದ ಮಣ್ಣಿನ ಬಗ್ಗೆ ಮಾತನಾಡುವುದಿಲ್ಲ, ಲೆಕ್ಕ ಮಾತ್ರ ಮಾಡುತ್ತೇನೆ. ಒಂದು ಎಕರೆ ಎಂದರೆ 4,047 ಚದರ ಮೀಟರ್. ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಎಕರೆಗೆ 4,047 ಲೀಟರ್ ನೀರು ಬಿದ್ದಂತೆ. ಎರಡು ಕಿಲೋ ಜೆಲ್ ಕಿಲೋಗೆ ನಾಲ್ಕುನೂರರಂತೆ ಹಿಡಿದರೆ 800 ಲೀಟರ್. ಅಂದರೆ ಒಂದು ಮಿಲಿಮೀಟರ್ ಮಳೆಯ ಐದನೆಯ ಒಂದು ಭಾಗ. ಎರಡು ಸಾವಿರ ರೂಪಾಯಿ ಕೊಟ್ಟು ನೀವು ಕೊಳ್ಳುತ್ತಿರುವುದು ಅಂಗಿಯೂ ಸರಿಯಾಗಿ ತೊಯ್ಯದ ಒಂದು ತುಂತುರು.

ಬ್ಯಾಡಗಿ ಘಾಟು:
ಈ ಲೆಕ್ಕ ಓದಿ ಬಹಳ ನಕ್ಕೆ. ಆದರೆ ಲೆಕ್ಕದವರು ಒಂದು ವಿಷಯ ಮರೆತಿದ್ದಾರೆ. ಮಳೆ ಇಡೀ ಹೊಲಕ್ಕೆ ಬೀಳುತ್ತದೆ, ಜೆಲ್ ಸಾಲಿಗೆ ಮಾತ್ರ ಬೀಳುತ್ತದೆ. ಕೂರಿಗೆಯಲ್ಲಿ ಬೀಜದ ಜೊತೆಗೆ ಬಿಟ್ಟರೆ ಬೇರಿನ ಬಾಯಿಗೇ ಸೇರುತ್ತದೆ. ಮತ್ತೆ ಅದು ಒಂದು ಸಲ ಬಿಟ್ಟು ಮುಗಿಯುವ ವಸ್ತುವಲ್ಲ, ಮುಂದಿನ ಮಳೆಗೆ ಪುನಃ ತುಂಬಿಕೊಳ್ಳುತ್ತದೆ.

ಲೆಕ್ಕ ಪಕ್ಕಾ, ಹುಬ್ಬಳ್ಳಿ:
ಒಪ್ಪಿದೆ. ಹಾಗಾದರೆ ಗಿಡದ ಲೆಕ್ಕಕ್ಕೇ ಬರೋಣ. ನೀವು ಮೆಣಸಿನ ಸಸಿಯನ್ನು ಎಷ್ಟು ಅಂತರದಲ್ಲಿ ಹಚ್ಚುತ್ತೀರಿ?

ಬ್ಯಾಡಗಿ ಘಾಟು:
ನಾವು ಎರಡೂವರೆ ಅಡಿಗೆ ಎರಡೂವರೆ ಅಡಿ ಹಿಡಿಯುತ್ತೇವೆ.

ಲೆಕ್ಕ ಪಕ್ಕಾ, ಹುಬ್ಬಳ್ಳಿ:
ಎಕರೆಗೆ ಹತ್ತಿರ ಹತ್ತಿರ ಏಳು ಸಾವಿರ ಗಿಡ. ಎಂಟುನೂರು ಲೀಟರನ್ನು ಏಳು ಸಾವಿರಕ್ಕೆ ಹಂಚಿದರೆ ಗಿಡಕ್ಕೆ ನೂರು ಮಿಲಿಲೀಟರಿಗಿಂತ ಸ್ವಲ್ಪ ಹೆಚ್ಚು. ಒಂದು ಕಪ್ ಚಹಾ ಎಂದಿಟ್ಟುಕೊಳ್ಳಿ. ಪ್ರತಿನಿಧಿಯ ಅಂಕಿಯನ್ನು ಹಾಗೆಯೇ ನಂಬಿದರೆ ಇಷ್ಟು.

ಸಪ್ತಾಪುರದ ರಸಾಯನ:
ಆ ಅಂಕಿಯನ್ನು ಹಾಗೆಯೇ ನಂಬಬಾರದು ಎಂಬುದೇ ನನ್ನ ಮುಂದಿನ ಮಾತು. ಇದಕ್ಕೆ ಜೆಲ್ ಹೇಗೆ ಉಬ್ಬುತ್ತದೆ ಎಂದು ಸ್ವಲ್ಪ ಹೇಳಬೇಕಾಗುತ್ತದೆ, ಉದ್ದವಾದರೆ ಕ್ಷಮಿಸಿ; ಮೂವತ್ತು ವರ್ಷ ಪಾಠ ಮಾಡಿದವನ ಚಾಳಿ.

ಅಣುಗಳ ಉದ್ದನೆಯ ಎಳೆಗಳನ್ನು ಅಲ್ಲಲ್ಲಿ ಗಂಟು ಹಾಕಿ ಹೆಣೆದ ಬಲೆಯನ್ನು ಕಲ್ಪಿಸಿಕೊಳ್ಳಿ. ಗಂಟುಗಳೇ ಇಲ್ಲದಿದ್ದರೆ ಎಳೆಗಳು ನೀರಿನಲ್ಲಿ ಕರಗಿ ಗಂಜಿಯಾಗುತ್ತವೆ. ಗಂಟು ಹೆಚ್ಚಾದರೆ ಬಲೆ ಹಿಗ್ಗುವುದೇ ಇಲ್ಲ. ಹದವಾಗಿ ಗಂಟು ಹಾಕಿದ್ದರೆ ಬಲೆ ಕರಗದೆ ಹಿಗ್ಗುತ್ತದೆ, ಅದೇ ಹೈಡ್ರೋಜೆಲ್. ಹೊಲಕ್ಕೆ ಮಾರುವ ಜೆಲ್‌ಗಳ ಮತ್ತು ಮಕ್ಕಳ ಡೈಪರ್ ಒಳಗಿನ ಸೋಡಿಯಂ ಪಾಲಿಅಕ್ರಿಲೇಟ್ ಪುಡಿಯ ಎಳೆಗಳ ಮೇಲೆ ಋಣ ವಿದ್ಯುದಂಶಗಳಿರುತ್ತವೆ, ಅವುಗಳ ಜೋಡಿಯಾಗಿ ಸೋಡಿಯಂ ಅಥವಾ ಪೊಟ್ಯಾಸಿಯಂ ಅಯಾನುಗಳು ಬಲೆಯ ಒಳಗೇ ಸೆರೆಯಾಗಿರುತ್ತವೆ. ಒಳಗೆ ಲವಣ ಹೆಚ್ಚು, ಹೊರಗೆ ಕಡಿಮೆ. ಆದ್ದರಿಂದ ನೀರು ಒಳನುಗ್ಗುತ್ತದೆ. ಒಣದ್ರಾಕ್ಷಿ ನೀರಿನಲ್ಲಿ ಉಬ್ಬಿದಂತೆಯೇ. ಈಗ ಹೊರಗಿನ ನೀರೇ ಸವುಳಾಗಿದ್ದರೆ? ನುಗ್ಗುವ ಒತ್ತಡವೇ ಇರುವುದಿಲ್ಲ. ಶುದ್ಧ ನೀರಿನಲ್ಲಿ ತನ್ನ ತೂಕದ ಮುನ್ನೂರು ನಾಲ್ಕುನೂರು ಪಟ್ಟು ಹೀರುವ ಡೈಪರ್ ಪುಡಿ ನಮ್ಮ ರಕ್ತದಷ್ಟು ಉಪ್ಪಿರುವ ನೀರಿನಲ್ಲಿ ಮೂವತ್ತರಿಂದ ಅರವತ್ತು ಪಟ್ಟಿಗೆ ಇಳಿಯುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಇನ್ನೂ ತಂಟೆಕೋರರು, ಅವು ಎರಡೆರಡು ಎಳೆಗಳನ್ನು ಹಿಡಿದು ಹೊಸ ಗಂಟುಗಳನ್ನೇ ಹಾಕಿಬಿಡುತ್ತವೆ. ಆ ಪ್ರತಿನಿಧಿ ಲೋಟಕ್ಕೆ ಅಂಗಡಿಯ ನಲ್ಲಿಯ ನೀರು ಹಾಕದೆ ಬಾಟಲಿ ನೀರನ್ನೇ ಏಕೆ ಹಾಕಿದ ಎಂದು ಈಗ ಹೊಳೆಯಿತೇ?

ಲಕ್ಷ್ಮೇಶ್ವರದ ಮಸಾರಿ:
ಸರ್, ನಮ್ಮ ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆಯೇ ಬರುವುದಿಲ್ಲ! ಪ್ರತಿನಿಧಿ ಕೊಟ್ಟ ಮಾದರಿ ಪೊಟ್ಟಣ ಮನೆಯಲ್ಲಿದೆ. ಪರೀಕ್ಷಿಸಿ ಬರುತ್ತೇನೆ.

ಕಾಮಕಸ್ತೂರಿ, ಹಾವೇರಿ:
ನೀವೆಲ್ಲ ಇದನ್ನು ಹೊಸ ಆವಿಷ್ಕಾರ ಎಂಬಂತೆ ಮಾತನಾಡುತ್ತಿದ್ದೀರಿ. ನಾನು ಇಟ್ಟುಕೊಂಡಿರುವ ಹೆಸರೇ ಹೈಡ್ರೋಜೆಲ್. ಕಾಮಕಸ್ತೂರಿ ಬೀಜವನ್ನು ನೀರಿಗೆ ಹಾಕಿದರೆ ಐದು ನಿಮಿಷದಲ್ಲಿ ಸುತ್ತಲೂ ಲೋಳೆಯ ಅಂಗಿ ತೊಟ್ಟುಕೊಳ್ಳುತ್ತದೆ. ಅಗಸಿ ನೆನೆಸಿದರೂ ಅದೇ, ಬೆಂಡೆಕಾಯಿ ಹೆಚ್ಚಿದರೂ ಅದೇ. ಹೊಟ್ಟೆ ಕಟ್ಟಿದಾಗ ಮಾವನವರು ಕುಡಿಯುವ ಇಸಬಗೋಲು ಕೂಡ ಅದೇ ಅಲ್ಲವೇ, ಸರ್?

ಸಪ್ತಾಪುರದ ರಸಾಯನ:
ಖಂಡಿತ ಅದೇ, ತಾಯಿ. ಬೀಜ ಬಿದ್ದ ನೆಲದಲ್ಲಿ ಮೊಳಕೆಯೊಡೆಯುವವರೆಗೆ ಹಸಿ ಕಾಯ್ದುಕೊಳ್ಳಲಿ ಎಂದು ಗಿಡವೇ ಮಾಡಿಕೊಂಡ ಏರ್ಪಾಡು ಅದು. ಇಸಬಗೋಲನ್ನು ಮಾತ್ರ ಸಾಕಷ್ಟು ನೀರಿನೊಂದಿಗೆ ಕುಡಿಯಬೇಕು. ಒಣ ಪುಡಿ ಬಾಯಿಗೆ ಹಾಕಿಕೊಂಡು ಒಂದು ಗುಟುಕು ನೀರು ಕುಡಿದರೆ ಅದು ಗಂಟಲಿನಲ್ಲಿಯೇ ಉಬ್ಬುತ್ತದೆ.

ಬೀಜದಂಗಡಿ, ರಾಣೆಬೆನ್ನೂರು:
ಮಾರಾಟಗಾರರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಈ ವಸ್ತು ಬಂದದ್ದೇ ಹೊಲದ ಬೆಳೆಯಿಂದ. ಅಮೆರಿಕದ ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿರುವ ಅಲ್ಲಿಯ ಕೃಷಿ ಇಲಾಖೆಯ ಪ್ರಯೋಗಾಲಯದವರು ಮೆಕ್ಕೆಜೋಳದ ಪಿಷ್ಟಕ್ಕೆ ಅಕ್ರಿಲೋನೈಟ್ರೈಲ್ ಕಸಿಮಾಡಿ ನೂರಾರು ಪಟ್ಟು ನೀರು ಹೀರುವ ವಸ್ತು ಮಾಡಿದ್ದರು, 1970ರ ದಶಕದಲ್ಲಿ ಅದಕ್ಕೆ ಬಹಳ ಹೆಸರು ಬಂದಿತ್ತು. ನಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳಕ್ಕೆ ಬೆಲೆ ಬಿದ್ದಾಗಲೆಲ್ಲ ನನಗೆ ಅದು ನೆನಪಾಗುತ್ತದೆ. ನಮ್ಮ ದೇಶದಲ್ಲಿ ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಸೆಲ್ಯುಲೋಸ್ ಆಧಾರದ ಪೂಸಾ ಹೈಡ್ರೋಜೆಲ್ ಮಾಡಿದ್ದಾರೆ. ಶುದ್ಧ ನೀರಿನಲ್ಲಿ ಕನಿಷ್ಠ 350 ಪಟ್ಟು ಹೀರುತ್ತದೆ ಎಂದು ಅವರೇ ಹೇಳಿದ್ದಾರೆ, 40ರಿಂದ 50 ಡಿಗ್ರಿ ಕಾವಿನ ನೆಲದಲ್ಲಿಯೂ ಕೆಲಸ ಮಾಡಲೆಂದೇ ರೂಪಿಸಿದ್ದಾರೆ. ಎಕರೆಗೆ ಒಂದರಿಂದ ಎರಡು ಕಿಲೋ ಎಂಬುದು ಅವರದೇ ಶಿಫಾರಸು, ಅಂಗಡಿಯವರು ಹುಟ್ಟಿಸಿದ ಮಾತಲ್ಲ.

ಲೆಕ್ಕ ಪಕ್ಕಾ, ಹುಬ್ಬಳ್ಳಿ:
ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ತೋರಿಸಿ. 350ರಂತೆ ಹಿಡಿದರೆ 800 ಹೋಗಿ 700 ಲೀಟರ್ ಆಗುತ್ತದೆ, ಕಪ್ಪಿನ ಚಹಾ ಇನ್ನೂ ಸ್ವಲ್ಪ ಕಡಿಮೆ.

ಬೀಜದಂಗಡಿ, ರಾಣೆಬೆನ್ನೂರು:
ಲೆಕ್ಕ ತಪ್ಪಿಲ್ಲ, ಅದನ್ನು ಹಚ್ಚಿದ ಜಾಗ ತಪ್ಪಿದೆ. ಬೆಳೆ ಪೂರ್ತಿ ಬದುಕಲು ಬೇಕಾದ ನೀರಿನೊಂದಿಗೆ ಹೋಲಿಸಿದರೆ ಅದು ತುಂತುರೇ ಸರಿ. ಆದರೆ ಬೀಜ ಮೊಳೆಯುವ, ಸಸಿ ಕಚ್ಚಿಕೊಳ್ಳುವ ಮೊದಲ ಒಂದು ವಾರದಲ್ಲಿ ಒಂದು ಕಪ್ ನೀರು ಬೇರಿನ ಬುಡದಲ್ಲಿರುವುದು ಸಣ್ಣ ಮಾತಲ್ಲ.

ಪಿಯುಸಿ ಎರಡನೆಯ ವರ್ಷ:
ನನ್ನದೊಂದು ಪ್ರಶ್ನೆ ಇದೆ. ನಮ್ಮ ಉಪನ್ಯಾಸಕರು ಹೈಡ್ರೋಜೆಲ್‌ಗಳನ್ನು ಸ್ಪಂದಿಸುವ ವಸ್ತುಗಳು ಎಂದು ಕರೆದರು. ನೀರು ಹೀರುವುದರಲ್ಲಿ ಸ್ಪಂದನೆ ಎಲ್ಲಿದೆ? ಸ್ಪಂಜು ಕೂಡ ಹೀರುತ್ತದೆ.

ಸಪ್ತಾಪುರದ ರಸಾಯನ:
ಒಳ್ಳೆಯ ಪ್ರಶ್ನೆ. ಸ್ಪಂಜಿನ ನೀರು ತೂತುಗಳಲ್ಲಿ ಸುಮ್ಮನೆ ನಿಂತಿರುತ್ತದೆ, ಹಿಂಡಿದರೆ ಹೊರಬರುತ್ತದೆ. ಜೆಲ್‌ನ ನೀರನ್ನು ಕೈಯಿಂದ ಹಿಂಡಲು ಬರುವುದಿಲ್ಲ, ಆದರೆ ಸುತ್ತಲಿನ ಸ್ಥಿತಿ ಬದಲಾದರೆ ಜೆಲ್ ತಾನಾಗಿಯೇ ಉಗುಳುತ್ತದೆ. ಮನೆಯಲ್ಲಿಯೇ ನೋಡಬಹುದು: ಉಬ್ಬಿದ ಡೈಪರ್ ಜೆಲ್‌ಗೆ ಒಂದು ಚಮಚ ಉಪ್ಪು ಹಾಕಿ ಕಲಸಿ, ಕಣ್ಣೆದುರಿಗೇ ನೀರಾಗುತ್ತದೆ. ನಿಂಬೆರಸದಂಥ ಹುಳಿ ಹಾಕಿದರೂ ಕುಗ್ಗುತ್ತದೆ, ಏಕೆಂದರೆ ಎಳೆಗಳ ಮೇಲಿನ ಋಣಾಂಶವನ್ನು ಆಮ್ಲ ಅಳಿಸಿಹಾಕುತ್ತದೆ. ಇನ್ನೊಂದು ಬಗೆಯ ಜೆಲ್ ಕಾವಿಗೆ ಸ್ಪಂದಿಸುತ್ತದೆ. ಪಾಲಿ ಎನ್-ಐಸೊಪ್ರೊಪೈಲ್ ಅಕ್ರಿಲಮೈಡ್ ಎಂಬ ಉದ್ದ ಹೆಸರಿನದು ಸುಮಾರು 32 ಡಿಗ್ರಿಯವರೆಗೆ ಉಬ್ಬಿಕೊಂಡಿದ್ದು, ಅದನ್ನು ದಾಟಿದೊಡನೆ ನೀರನ್ನು ಹೊರಹಾಕಿ ಕುಗ್ಗುತ್ತದೆ. ಕಾದರೆ ಕರಗುವುದು ಲೋಕದ ರೂಢಿ, ಇದು ತದ್ವಿರುದ್ಧ. ನಮ್ಮ ಮೈಯ 37 ಡಿಗ್ರಿಗೆ 32 ಹತ್ತಿರವಾದದ್ದರಿಂದ ವೈದ್ಯವಿಜ್ಞಾನಿಗಳಿಗೆ ಇದರ ಮೇಲೆ ಬಹಳ ಆಸೆ. ಜಪಾನಿನಲ್ಲಿ ತೆರುಒ ಒಕಾನೊ ಅವರ ತಂಡವು ಇದನ್ನು ತಟ್ಟೆಗೆ ಲೇಪಿಸಿ, ಅದರ ಮೇಲೆ ಜೀವಕೋಶಗಳನ್ನು ಬೆಳೆಸಿ, ತಟ್ಟೆಯನ್ನು ತಂಪು ಮಾಡಿದಾಗ ಕೋಶಗಳ ಹಾಳೆ ಹರಿಯದೆ ತಾನೇ ಎದ್ದು ಬರುವಂತೆ ಮಾಡಿತು. ಕೆನೆಯನ್ನು ಚಮಚದಿಂದ ಕೆರೆದು ತೆಗೆಯುವುದಕ್ಕೂ ಕೆನೆಯೇ ಎದ್ದು ಕೈಗೆ ಬರುವುದಕ್ಕೂ ಇರುವಷ್ಟು ಅಂತರ.

ಈ ಹಠಾತ್ ಕುಗ್ಗುವಿಕೆಯನ್ನು 1978ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ತೊಯೋಇಚಿ ತನಾಕಾ ತೋರಿಸಿದರು. ಜೆಲ್ ಮುಳುಗಿರುವ ದ್ರವವನ್ನೋ ಕಾವನ್ನೋ ಕೂದಲೆಳೆಯಷ್ಟು ಬದಲಿಸಿದರೆ ಅದರ ಗಾತ್ರ ನೂರಾರು ಪಟ್ಟು ಬದಲಾಗಬಲ್ಲದು ಎಂಬುದು ಅವರು ಕಂಡ ಸಂಗತಿ. ಅಂದಿನಿಂದ ಜೆಲ್ ಎಂದರೆ ಕೇವಲ ಹೀರುವ ವಸ್ತು ಎಂಬ ಭಾವನೆ ಹೋಯಿತು.

ಪಿಯುಸಿ ಎರಡನೆಯ ವರ್ಷ:
ಧನ್ಯವಾದಗಳು ಸರ್. ತಂಗಿಯ ಡೈಪರ್ ಕತ್ತರಿಸಿದ್ದಕ್ಕೆ ಬೈಗುಳ ತಿಂದೆ, ಆದರೆ ಉಪ್ಪು ಹಾಕಿದೊಡನೆ ನಿಜವಾಗಿಯೂ ನೀರಾಯಿತು.

ರಾತ್ರಿ ಪಾಳಿ:
ನಾನು ಹುಬ್ಬಳ್ಳಿಯಲ್ಲಿ ಶುಶ್ರೂಷಕಿ. ನಮ್ಮ ವಾರ್ಡಿನಲ್ಲಿ ಇದರ ಬಳಕೆ ದಿನವೂ ಇದೆ. ಸುಟ್ಟ ಗಾಯ, ಒಣಗಿ ಹೊಪ್ಪಳಿಕೆ ಕಟ್ಟಿದ ಗಾಯಗಳಿಗೆ ಜೆಲ್ ಹಾಳೆ ಹಾಕುತ್ತೇವೆ. ಅದರ ಬಹುಪಾಲು ನೀರೇ ಇರುವುದರಿಂದ ಗಾಯ ತಂಪಾಗುತ್ತದೆ, ತೆಗೆಯುವಾಗ ಹೊಸ ಚರ್ಮ ಕಿತ್ತುಬರುವುದಿಲ್ಲ. ಗಾಯಕ್ಕೆ ಗಾಳಿ ಆಡಲಿ, ಒಣಗಲಿ ಎಂದು ರೋಗಿಯ ಮನೆಯವರು ಪಟ್ಟಿಯನ್ನೇ ಬಿಚ್ಚಿ ಕುಳಿತಿರುತ್ತಾರೆ. ಹಸಿಯಾಗಿಟ್ಟ ಗಾಯ ಬೇಗ ಮಾಯುತ್ತದೆ ಎಂದು ಜಾರ್ಜ್ ವಿಂಟರ್ ಎಂಬುವರು ಹಂದಿಗಳ ಮೇಲೆ ಪ್ರಯೋಗ ಮಾಡಿ 1962ರಲ್ಲಿಯೇ ತೋರಿಸಿದ್ದಾರೆ. ಇಷ್ಟು ವರ್ಷಗಳ ನಂತರವೂ ಅದನ್ನು ನಂಬಿಸಲು ನನ್ನ ಅರ್ಧ ಪಾಳಿ ಹೋಗುತ್ತದೆ. ಎಲ್ಲ ಗಾಯಕ್ಕೂ ಜೆಲ್ ಹಾಳೆ ಸಲ್ಲದು. ರಸಿಕೆ ಹೆಚ್ಚು ಸೋರುವ ಗಾಯಕ್ಕೆ ಅದನ್ನು ಹಾಕಿದರೆ ಸುತ್ತಲಿನ ಚರ್ಮ ನೆನೆದು ಬೆಳ್ಳಗಾಗುತ್ತದೆ. ಅಂಥವಕ್ಕೆ ಕಡಲ ಪಾಚಿಯಿಂದ ಮಾಡಿದ ಆಲ್ಜಿನೇಟ್ ಪಟ್ಟಿ ಬರುತ್ತದೆ, ಅದು ಒಣಗಿದ್ದು, ರಸಿಕೆಯನ್ನು ಹೀರಿ ತಾನು ಜೆಲ್ ಆಗುತ್ತದೆ.

ಇಸಿಜಿ ತೆಗೆಯುವಾಗ ಎದೆಗೆ ಅಂಟಿಸುವ ಬಿಲ್ಲೆಗಳಲ್ಲಿಯೂ ಉಪ್ಪು ಬೆರೆಸಿದ ಜೆಲ್ ಇರುತ್ತದೆ. ಪೊಟ್ಟಣ ಒಡೆದು ಹಾಗೆಯೇ ಬಿಟ್ಟರೆ ನಮ್ಮ ಏಪ್ರಿಲ್ ತಿಂಗಳ ಒಣಹವೆಗೆ ಜೆಲ್ ಒಣಗಿ, ಗೆರೆಗಳೆಲ್ಲ ನಡುಗಿ ಬರುತ್ತವೆ, ರೋಗಿ ಸುಮ್ಮನೆ ಗಾಬರಿಯಾಗುತ್ತಾನೆ.

ಔಷಧಿ ಅಂಗಡಿ, ಗದಗ:
ನನ್ನದೂ ಒಂದು ಅನುಭವ. ಹಿರಿಯರೊಬ್ಬರು ಸಕ್ಕರೆ ಕಾಯಿಲೆಯ ಗುಳಿಗೆ ಕರಗದೆ ಹಾಗೆಯೇ ಮಲದಲ್ಲಿ ಬಂತು, ನಕಲಿ ಮಾಲು ಕೊಟ್ಟಿದ್ದೀರಿ ಎಂದು ಅಂಗಡಿಯ ಮುಂದೆ ದೊಡ್ಡ ರಂಪ ಮಾಡಿದರು. ಅದು ಮೆಟ್‌ಫಾರ್ಮಿನ್‌ನ ನಿಧಾನ ಬಿಡುಗಡೆಯ ಗುಳಿಗೆ. ಇಂಥ ಹಲವು ಗುಳಿಗೆಗಳಲ್ಲಿ ಔಷಧವನ್ನು ಜೆಲ್ ಆಗುವ ಸೆಲ್ಯುಲೋಸ್ ಪದಾರ್ಥದೊಂದಿಗೆ ಒತ್ತಿರುತ್ತಾರೆ. ಹೊಟ್ಟೆಯ ನೀರಿಗೆ ಗುಳಿಗೆ ಉಬ್ಬಿ, ಮೆತ್ತನೆಯ ಜೆಲ್ ಮುದ್ದೆಯಾಗಿ, ಅದರೊಳಗಿಂದ ಔಷಧ ತಾಸುಗಟ್ಟಲೆ ನಿಧಾನವಾಗಿ ಜಿನುಗುತ್ತದೆ. ಔಷಧ ಹೋದ ಮೇಲೆ ಖಾಲಿ ಮುದ್ದೆ ಕೆಲವೊಮ್ಮೆ ಹೊರಬರುತ್ತದೆ. ಹೆಸರಿನ ಮುಂದೆ ಎಸ್‌ಆರ್ ಎಂದಿರುವ ಗುಳಿಗೆಯನ್ನು ಮುರಿದೋ ಅರೆದೋ ನುಂಗಬಾರದು ಎಂದು ನಾವು ಹೇಳುವುದು ಇದಕ್ಕೇ. ಮುರಿದರೆ ದಿನವಿಡೀ ಜಿನುಗಬೇಕಾದ ಔಷಧ ಒಮ್ಮೆಲೇ ಇಳಿಯುತ್ತದೆ.

ಸಪ್ತಾಪುರದ ರಸಾಯನ:
ಇದು ನಮ್ಮೂರಿನ ವಿಷಯವೂ ಹೌದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರೊ. ತೇಜರಾಜ ಅಮಿನಭಾವಿ ಅವರ ತಂಡವು ಸೋಡಿಯಂ ಆಲ್ಜಿನೇಟ್, ಕೈಟೋಸಾನ್, ಗೋರಿಕಾಯಿ ಬೀಜದ ಗೌರ್ ಗೋಂದು ಇಂಥವುಗಳಿಂದ ಔಷಧವನ್ನು ನಿಧಾನವಾಗಿ ಬಿಡುವ ಸಣ್ಣ ಗೋಲಿಗಳ ಮೇಲೆ ಬಹಳ ಕೆಲಸ ಮಾಡಿದೆ. ಗೋರಿಕಾಯಿ ಪಲ್ಯ ತಿನ್ನುವ ಊರಿನಲ್ಲಿ ಅದರ ಬೀಜದ ರಸಾಯನಶಾಸ್ತ್ರ ಬೆಳೆದದ್ದು ನನಗೆ ಹೆಮ್ಮೆಯ ಸಂಗತಿ.

ಕನ್ನಡಕ ಬಿಟ್ಟವನು:
ಕಾಂಟ್ಯಾಕ್ಟ್ ಲೆನ್ಸಿನ ಹೆಸರನ್ನು ಯಾರೂ ಎತ್ತಲಿಲ್ಲ ಎಂದು ಬೇಸರವಾಯಿತು. ಮೆತ್ತನೆಯ ಲೆನ್ಸ್ ಎಂದರೆ ಜೆಲ್ ಅಲ್ಲದೆ ಮತ್ತೇನು? ಚೆಕೊಸ್ಲೊವಾಕಿಯಾದ ಒಟ್ಟೊ ವಿಖ್ಟರ್ಲೆ ಮತ್ತು ದ್ರಾಹೊಸ್ಲಾವ್ ಲಿಮ್ 1960ರಲ್ಲಿ ಕಣ್ಣಿಗೆ ಒಗ್ಗುವ ಜೆಲ್ ಬಗ್ಗೆ ಪ್ರಕಟಿಸಿದರು. ಅದನ್ನು ಲೆನ್ಸ್ ಮಾಡುವ ಯಂತ್ರಕ್ಕೆ ಬೆಂಬಲ ಸಿಗದಿದ್ದಾಗ ವಿಖ್ಟರ್ಲೆ 1961ರ ಕ್ರಿಸ್‌ಮಸ್ ಸಮಯದಲ್ಲಿ ಮನೆಯಲ್ಲಿಯೇ ಕುಳಿತು, ಮಕ್ಕಳ ಜೋಡಣೆ ಆಟಿಕೆಯ ಬಿಡಿಭಾಗಗಳಿಗೆ ಸೈಕಲ್ಲಿನ ಡೈನಮೊ ಹೊಂದಿಸಿ, ತಿರುಗುವ ಅಚ್ಚಿನಲ್ಲಿ ಲೆನ್ಸ್ ಎರಕ ಹೊಯ್ದರು. ಅಮೆರಿಕದಲ್ಲಿ ಅಂಥ ಲೆನ್ಸ್ ಮಾರಲು ಅನುಮತಿ ಸಿಕ್ಕಿದ್ದು 1971ರಲ್ಲಿ. ಆ ಮೊದಲ ಜೆಲ್‌ನಲ್ಲಿ ಶೇಕಡಾ 38ರಷ್ಟು ನೀರಿರುತ್ತದೆ. ನೀರು ಹೀರುವ ವಸ್ತುವಾದ್ದರಿಂದ ನೀರಿನಲ್ಲಿರುವುದನ್ನೂ ಹೀರುತ್ತದೆ. ನಲ್ಲಿ ನೀರಿನಲ್ಲಿ ಲೆನ್ಸ್ ತೊಳೆದು ಒಂದು ತಿಂಗಳು ಕಣ್ಣು ಕೆಂಪಗೆ ಮಾಡಿಕೊಂಡವನು ಹೇಳುತ್ತಿದ್ದೇನೆ.

ನವಲಗುಂದದ ಎರೆ:
ಕಣ್ಣಿಗೂ ಹೊಟ್ಟೆಗೂ ಒಳ್ಳೆಯದಿರಬಹುದು. ಹೊಲಕ್ಕೆ ಹಾಕಿದ್ದು ಆಮೇಲೆ ಎಲ್ಲಿ ಹೋಗುತ್ತದೆ? ಪ್ಲಾಸ್ಟಿಕ್ ಹಾಳೆಯ ಗತಿಯೇ ಇದಕ್ಕೂ ಅಲ್ಲವೇ?

ಸಪ್ತಾಪುರದ ರಸಾಯನ:
ಆಕ್ಷೇಪ ನ್ಯಾಯವಾದದ್ದು. ಪಾಲಿಅಕ್ರಿಲೇಟಿನ ಬೆನ್ನೆಲುಬು ಪೂರ್ತಿ ಇಂಗಾಲದ ಸರಪಳಿ, ಅದನ್ನು ಮಣ್ಣಿನ ಸೂಕ್ಷ್ಮಜೀವಿಗಳು ಬಹಳ ನಿಧಾನವಾಗಿ ಮಾತ್ರ ಮುರಿಯುತ್ತವೆ. ಸೆಲ್ಯುಲೋಸ್ ಅಥವಾ ಪಿಷ್ಟದ ಪಾಲು ಇದ್ದರೆ ಆ ಪಾಲು ಬೇಗ ಕೊಳೆಯುತ್ತದೆ. ಕೊಳ್ಳುವವರು ಪೊಟ್ಟಣದ ಮೇಲೆ ಪಾಲಿಅಕ್ರಿಲಮೈಡ್ ಎಂದಿದೆಯೋ ಪಾಲಿಅಕ್ರಿಲೇಟ್ ಎಂದಿದೆಯೋ ನೋಡಬೇಕು. ಮೊದಲನೆಯದರಲ್ಲಿ ಕೂಡದೆ ಉಳಿದ ಅಕ್ರಿಲಮೈಡ್ ಇರುವ ಸಾಧ್ಯತೆ ಇದೆ, ಅದು ನರಗಳಿಗೆ ವಿಷ. ಏನೂ ಬರೆಯದೆ ಕೇವಲ ನೀರಿನ ಹನಿಯ ಚಿತ್ರ ಹಾಕಿದ ಪೊಟ್ಟಣವನ್ನು ಅಂಗಡಿಯಲ್ಲಿಯೇ ಬಿಟ್ಟು ಬನ್ನಿ.

ರಾತ್ರಿ ಪಾಳಿ:
ಇನ್ನೊಂದು ಎಚ್ಚರಿಕೆ. ಜಾತ್ರೆಗಳಲ್ಲಿ ನೀರಿಗೆ ಹಾಕಿದರೆ ಗೋಲಿಯಾಗುವ ಬಣ್ಣದ ಮಣಿಗಳನ್ನು ಮಾರುತ್ತಾರೆ, ಅವೂ ಇದೇ ಜಾತಿಯವು. ಮಿಠಾಯಿ ಎಂದುಕೊಂಡು ಮಗು ನುಂಗಿದರೆ ಕರುಳಿನಲ್ಲಿ ಉಬ್ಬಿ ದಾರಿ ಕಟ್ಟುತ್ತವೆ, ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣಿಸುವುದೂ ಇಲ್ಲ. ಮಗು ನುಂಗಿರಬಹುದು ಎಂಬ ಅನುಮಾನವಿದ್ದರೂ ಕೂಡಲೇ ಆಸ್ಪತ್ರೆಗೆ ಬನ್ನಿ ಮತ್ತು ಮಣಿಯ ವಿಷಯವನ್ನು ಬಾಯಿಬಿಟ್ಟು ಹೇಳಿ. ಮಕ್ಕಳಿರುವ ಮನೆಯಲ್ಲಿ ಹೊಲದ ಜೆಲ್ ಪೊಟ್ಟಣವನ್ನೂ ಸಕ್ಕರೆ ಡಬ್ಬಿಯ ಹತ್ತಿರ ಇಡಬೇಡಿ.

ಲಕ್ಷ್ಮೇಶ್ವರದ ಮಸಾರಿ:
ಪರೀಕ್ಷೆ ಮುಗಿಯಿತು. ಅಕ್ಕಸಾಲಿಗರ ತಕ್ಕಡಿಯಲ್ಲಿ ಒಂದೊಂದು ಗ್ರಾಮಿನ ಮೂರು ಪಾಲು ತೂಗಿಸಿಕೊಂಡು ಬಂದೆ. ಮೊದಲ ಪಾಲಿಗೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು, ಎರಡನೆಯದಕ್ಕೆ ನಮ್ಮ ಬೋರ್‌ವೆಲ್ ನೀರು, ಮೂರನೆಯದಕ್ಕೆ ಅದೇ ಬೋರ್‌ವೆಲ್ ನೀರಿಗೆ ಹೊಲಕ್ಕೆ ಬಿಡುವ ಅಳತೆಯಲ್ಲಿ ಗೊಬ್ಬರ ಕರಗಿಸಿದ್ದು. ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿ ತೂಗಿದೆ. ಘಟಕದ ನೀರಿನಲ್ಲಿ 290 ಗ್ರಾಂ, ಬೋರ್‌ವೆಲ್ ನೀರಿನಲ್ಲಿ 105, ಗೊಬ್ಬರದ ನೀರಿನಲ್ಲಿ 70 ಕೂಡ ಆಗಲಿಲ್ಲ. ನಾಲ್ಕುನೂರು ಎಲ್ಲಿಯೂ ಕಾಣಲಿಲ್ಲ. ತಂದೆಯವರು ಮೂರೂ ಬಟ್ಟಲುಗಳನ್ನು ಬಹಳ ಹೊತ್ತು ನೋಡಿ, ಅಂಗಡಿಯ ಲೋಟ ಸಣ್ಣದಿತ್ತು ಎಂದರು.

ಲೆಕ್ಕ ಪಕ್ಕಾ, ಹುಬ್ಬಳ್ಳಿ:
105 ಎಂದರೆ ಎರಡು ಕಿಲೋಗೆ 210 ಲೀಟರ್, ಗಿಡಕ್ಕೆ 30 ಮಿಲಿಲೀಟರ್. ಚಹಾ ಹೋಗಿ ತೀರ್ಥವಾಯಿತು.

ಸಪ್ತಾಪುರದ ರಸಾಯನ:
ಪರೀಕ್ಷೆ ಸೊಗಸಾಗಿದೆ, ಮೂರನೆಯ ಬಟ್ಟಲು ನನಗೂ ಹೊಳೆದಿರಲಿಲ್ಲ. ಎರಡು ಮಾತು ಸೇರಿಸುತ್ತೇನೆ. ಒಂದು, ಮಣ್ಣಿನೊಳಗೆ ಸುತ್ತಲಿನ ಒತ್ತಡವಿರುವುದರಿಂದ ಬಟ್ಟಲಿನಲ್ಲಿ ಉಬ್ಬಿದಷ್ಟು ಅಲ್ಲಿ ಉಬ್ಬುವುದಿಲ್ಲ, ಆಳವಾಗಿ ಹಾಕಿದಷ್ಟೂ ಇನ್ನೂ ಕಡಿಮೆ. ಎರಡು, ಜೆಲ್‌ನ ಪರವಾಗಿ: ಮಳೆನೀರು ಘಟಕದ ನೀರಿನಷ್ಟೇ ಮೃದು. ಮಸಾರಿ ಮಣ್ಣು ಮಳೆಯನ್ನು ಜರಡಿಯಂತೆ ಕೆಳಗೆ ಬಿಟ್ಟುಬಿಡುತ್ತದೆ, ಅಲ್ಲಿ ಬೇರಿನ ಬಳಿ ತಡೆದು ನಿಲ್ಲಿಸುವ ವಸ್ತುವಿಗೆ ಬೆಲೆಯುಂಟು. ಆದ್ದರಿಂದ ಎರೆ ಹೊಲಕ್ಕೆ ಬೇಡ ಎಂಬ ನವಲಗುಂದದವರ ಮಾತು ನಿಲ್ಲುತ್ತದೆ, ಮಸಾರಿಯ ವಿಷಯದಲ್ಲಿ ಬಾಗಿಲು ಪೂರ್ತಿ ಮುಚ್ಚಿಲ್ಲ.

ಬ್ಯಾಡಗಿ ಘಾಟು:
ನಾನು ಹೋದ ವರ್ಷ ಮಾಡಿದ್ದನ್ನು ಹೇಳುತ್ತೇನೆ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಹೊಲಕ್ಕೆ ಚೆಲ್ಲಲಿಲ್ಲ. ಬಕೆಟ್ಟಿನಲ್ಲಿ ಮಳೆನೀರಿಗೆ ಜೆಲ್ ಹಾಕಿ ತೆಳ್ಳನೆಯ ಅಂಬಲಿಯಂತೆ ಮಾಡಿಕೊಂಡು, ಸಸಿಗಳ ಬೇರನ್ನು ಅದರಲ್ಲಿ ಅದ್ದಿ ಹಚ್ಚಿದೆವು. ಹಚ್ಚಿದ ಮೇಲೆ ಆರು ದಿನ ಮಳೆ ಮೋಡಕ್ಕೇ ಸೀಮಿತವಾಯಿತು. ಅದ್ದಿದ ಸಸಿಗಳಲ್ಲಿ ಸತ್ತದ್ದು ಕಡಿಮೆ ಎಂದು ನನಗೆ ಅನ್ನಿಸಿತು. ಒಂದು ಎಕರೆಗೆ ಕಾಲು ಕಿಲೋ ಕೂಡ ಖರ್ಚಾಗಲಿಲ್ಲ. ಆಮೇಲೆ ಗಿಡ ದೊಡ್ಡದಾದಾಗ ಎರಡಕ್ಕೂ ವ್ಯತ್ಯಾಸವೇನೂ ಕಾಣಲಿಲ್ಲ.

ಬೀಜದಂಗಡಿ, ರಾಣೆಬೆನ್ನೂರು:
ನಾನು ಹೇಳಿದ್ದು ಇದನ್ನೇ.

ಲೆಕ್ಕ ಪಕ್ಕಾ, ಹುಬ್ಬಳ್ಳಿ:
ನೀವು ಹೇಳಿದ್ದು ಎಕರೆಗೆ ಎರಡು ಕಿಲೋ, ಅವರು ಹಾಕಿದ್ದು ಕಾಲು ಕಿಲೋ. ನಡುವೆ ಸುಮಾರು ಎರಡು ಸಾವಿರ ರೂಪಾಯಿ ಇದೆ. ಘಾಟಿನವರಿಗೂ ಒಂದು ಮಾತು: ಅನ್ನಿಸಿತು ಎಂದರೆ ಸಾಲದು, ಎಷ್ಟು ಸತ್ತವು ಎಂದು ಎಣಿಸಿದ್ದೀರಾ?

ಬ್ಯಾಡಗಿ ಘಾಟು:
ಇಲ್ಲ ಮಾರಾಯರೇ, ಸಸಿ ಹಚ್ಚುವ ಗಡಿಬಿಡಿಯಲ್ಲಿ ಎಣಿಸುತ್ತ ಕೂಡುವವರು ಯಾರು?

ನವಲಗುಂದದ ಎರೆ:
ಅದ್ದುವುದಕ್ಕೆ ನನ್ನ ತಕರಾರಿಲ್ಲ. ನಮ್ಮ ಹಿರಿಯರು ಸಗಣಿ ಬಗ್ಗಡದಲ್ಲಿ ಅದ್ದುತ್ತಿದ್ದರು. ಎರಡನ್ನೂ ಪಕ್ಕಪಕ್ಕದಲ್ಲಿ ಮಾಡಿ ನೋಡಬೇಕು.

ಲಕ್ಷ್ಮೇಶ್ವರದ ಮಸಾರಿ:
ತೀರ್ಮಾನಕ್ಕೆ ಬಂದಿದ್ದೇನೆ. ಎರೆಗೆ ಒಂದು ಹರಳೂ ಹಾಕುವುದಿಲ್ಲ. ಶೇಂಗಾಕ್ಕೂ ಬೇಡ, ಆ ದುಡ್ಡಿಗೆ ತಿಪ್ಪೆಗೊಬ್ಬರ ಹೇರಿಸುತ್ತೇನೆ. ಹೆಸರು ಬರೆದ ಪೊಟ್ಟಣ ಅರ್ಧ ಕಿಲೋ ಕೊಂಡು, ಮೆಣಸಿನ ಸಸಿಗೆ ಮಾತ್ರ ಮಳೆನೀರಿನಲ್ಲಿ ಅದ್ದುತ್ತೇನೆ. ಕೆಲವು ಸಾಲು ಜೆಲ್, ಕೆಲವು ಸಾಲು ನವಲಗುಂದದವರ ಬಗ್ಗಡ.

ಲೆಕ್ಕ ಪಕ್ಕಾ, ಹುಬ್ಬಳ್ಳಿ:
ಯಾವುದರಲ್ಲಿಯೂ ಅದ್ದದ ಎರಡು ಸಾಲನ್ನೂ ಬಿಡಿ. ಇಲ್ಲದಿದ್ದರೆ ಎಣಿಸಿದ್ದನ್ನು ಯಾವುದಕ್ಕೆ ಹೋಲಿಸುತ್ತೀರಿ?

ಲಕ್ಷ್ಮೇಶ್ವರದ ಮಸಾರಿ:
ಎರಡಲ್ಲ, ನಾಲ್ಕು ಬಿಡುತ್ತೇನೆ. ಆದರೆ ಅವು ಯಾವ ಸಾಲು ಎಂಬುದನ್ನು ಮನೆಯಲ್ಲಿ ಹೇಳುವುದಿಲ್ಲ. ನಮ್ಮ ತಂದೆಯವರು ಬಾಡಿದ ಸಸಿ ಕಂಡರೆ ಮರುದಿನ ಬೆಳಿಗ್ಗೆ ಕೊಡ ಹೊತ್ತುಕೊಂಡು ಹೋಗಿ ನೀರು ಹಾಕಿಬಿಡುತ್ತಾರೆ.